“ವಕೀಲನಾಗಿಯೇ ಮತ್ತೆ ಸೇನೆಗೆ ಸೇರಬಹುದಲ್ಲ?”

ಪ್ರಶ್ನೆ ಯಾವಾಗಲೂ ಇದೇ ಧಾಟಿಯಲ್ಲಿ ಬರುತ್ತದೆ: “ಟ್ರೈನಿಂಗ್ ಅರ್ಧಕ್ಕೇ ಬಿಟ್ಟು ಬಂದೆ, ಸರಿ. ಈಗ ಲಾ ಓದಿದ್ದೀಯಲ್ಲ, ವಕೀಲನಾಗಿಯೇ ಮತ್ತೆ ಸೇನೆಗೆ ಸೇರಬಹುದಲ್ಲ?” ಚಿಕ್ಕಪ್ಪನಿಂದ ಹಿಡಿದು ಬ್ಯಾಂಕಿನ ಗುಮಾಸ್ತರವರೆಗೆ ಯಾರು ಬೇಕಾದರೂ ಕೇಳುತ್ತಾರೆ. ಸೇರಬಹುದೇ ಎಂದು ಕೇಳಿದವರಿಗೆ ಉತ್ತರ ಹೇಳಬಹುದು. ಸೇರಬಹುದಲ್ಲ ಎನ್ನುವವರಿಗೆ ಉತ್ತರ ಬೇಕಿರುವುದಿಲ್ಲ, ಸಮಜಾಯಿಷಿ ಬೇಕಿರುತ್ತದೆ. ಹತ್ತು ವರ್ಷ ಬಾಯಿಮಾತಿನಲ್ಲಿ ಕೊಟ್ಟು ಸಾಕಾಗಿದೆ. ಇನ್ನು ಮುಂದೆ ಇದನ್ನು ಓದಿಕೊಳ್ಳಿ.

ಚಿಕ್ಕ ಉತ್ತರ: ಇಲ್ಲ. ನನಗೀಗ ಮೂವತ್ತನಾಲ್ಕು. ಭೂಸೇನೆಯ ಕಾನೂನು ವಿಭಾಗವಾದ ಜಡ್ಜ್ ಅಡ್ವೊಕೇಟ್ ಜನರಲ್ ಶಾಖೆಗೆ, ಅಂದರೆ ಜ್ಯಾಗ್‌ಗೆ, ಹೊರಗಿನಿಂದ ಸೇರುವವರ ವಯಸ್ಸು 21ರಿಂದ 27ರೊಳಗಿರಬೇಕು. ಕಾನೂನು ಪದವಿಯಲ್ಲಿ ಶೇ. 55 ಅಂಕ ಬೇಕು, ಮದುವೆಯಾಗಿರಬಾರದು. ಈಚೆಗೆ ಸ್ನಾತಕೋತ್ತರ ಕಾನೂನು ಪ್ರವೇಶದ ಕ್ಲ್ಯಾಟ್ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ನಾನು ವಯಸ್ಸಿನಲ್ಲೇ ಔಟು, ಮದುವೆಯಲ್ಲಿ ಇನ್ನೊಮ್ಮೆ ಔಟು. ಇಷ್ಟು ಹೇಳಿದ ಮೇಲೂ “ಯಾರನ್ನಾದರೂ ಹಿಡಿದರೆ ಆಗುವುದಿಲ್ಲವೇ” ಎಂದವರಿದ್ದಾರೆ. ಅವರಿಗೆ ನಮಸ್ಕಾರ.

ನಿಜಕ್ಕೂ ನನ್ನನ್ನು ಕೆರಳಿಸುವುದು ಆ “ವಕೀಲನಾಗಿಯೇ” ಎಂಬ ಮಾತು. ಮುಂಬಾಗಿಲಿನಿಂದ ಒಳಹೋಗಿ ಓಡಿಬಂದವನಿಗೆ ಹಿತ್ತಲ ಬಾಗಿಲು ತೋರಿಸುವ ಔದಾರ್ಯ ಅದರಲ್ಲಿದೆ. ಕೇಳುವವರ ಕಣ್ಣಮುಂದೆ ಇರುವ ಚಿತ್ರ ಎಂಥದ್ದೆಂದು ನನಗೆ ಗೊತ್ತು: ಕರಿಕೋಟಿನ ಬದಲು ಸಮವಸ್ತ್ರ, ಕೈಯಲ್ಲಿ ಫೈಲು, ತಲೆಯ ಮೇಲೆ ಫ್ಯಾನು. ಸ್ವಾಮಿ, ಹಿತ್ತಲ ಬಾಗಿಲು ಎನ್ನುವುದೇ ಇಲ್ಲ. ವಕೀಲನಿಗೂ ಅದೇ ಐದು ದಿನಗಳ ಆಯ್ಕೆ ಪರೀಕ್ಷೆ, ಎಸ್‌ಎಸ್‌ಬಿ, ಮೊದಲ ದಿನವೇ ಅರ್ಧಕ್ಕರ್ಧ ಜನ ಸೂಟ್‌ಕೇಸ್ ಎತ್ತಿಕೊಂಡು ಹೊರಡುವುದೂ ಅದೇ. ಆಯ್ಕೆಯಾದರೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರ. ಬೆನ್ನಿಗೆ ಹೊರೆ, ಕೈಗೆ ರೈಫಲು, ತಪ್ಪಿದರೆ ಮೈ ಹಣ್ಣಾಗಿಸುವ ಶಿಕ್ಷೆ, ರಗಡಾ. ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಬಿಡುವ ಸಂವಿಧಾನದ 33ನೇ ವಿಧಿ ನಿನಗೆ ಬಾಯಿಪಾಠ ಬರುತ್ತದೆಂದು ಯಾರೂ ಒಂದು ಸುತ್ತು ಓಟ ಕಡಿಮೆ ಮಾಡುವುದಿಲ್ಲ. ಹುದ್ದೆಗಳೋ ಬೆರಳೆಣಿಕೆಯಷ್ಟು: ಒಂದು ಬ್ಯಾಚಿಗೆ ಗಂಡಸರಿಗೆ ಆರು, ಹೆಂಗಸರಿಗೆ ಮೂರು ಎಂದು ಹಂಚಿದ್ದರು. ಆ ಹಂಚಿಕೆಯನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು.

ಹಾಗಾದರೆ ಇಪ್ಪತ್ತಾರರಲ್ಲಿ, ಇನ್ನೂ ವಯಸ್ಸಿದ್ದಾಗ, ಯಾಕೆ ಪ್ರಯತ್ನಿಸಲಿಲ್ಲ? ಇದನ್ನು ಕೇಳಿದವರು ಕಡಿಮೆ, ಪುಣ್ಯ. ಬಹಳ ಕಾಲ ನಾನು ನಿಯಮದ ಹಿಂದೆ ಅಡಗಿಕೊಂಡಿದ್ದೆ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ಕೇಂದ್ರ ಲೋಕಸೇವಾ ಆಯೋಗ ಹೊರಡಿಸುವ ಇಂಗ್ಲಿಷ್ ಪ್ರಕಟಣೆಯಲ್ಲಿ ಒಂದು ಸಾಲಿದೆ: ಸಶಸ್ತ್ರ ಪಡೆಗಳ ಯಾವುದೇ ತರಬೇತಿ ಅಕಾಡೆಮಿಗೆ ರಾಜೀನಾಮೆ ಕೊಟ್ಟವರು ಅಥವಾ ಅಲ್ಲಿಂದ ಶಿಸ್ತಿನ ಕಾರಣಕ್ಕೆ ಹೊರಬಿದ್ದವರು ಅರ್ಹರಲ್ಲ. ಆ “ಶಿಸ್ತಿನ ಕಾರಣಕ್ಕೆ” ಎಂಬುದು ರಾಜೀನಾಮೆಗೂ ಅನ್ವಯಿಸುತ್ತದೆಯೋ, ಹೊರಬಿದ್ದವರಿಗೆ ಮಾತ್ರವೋ? ಇಂಗ್ಲಿಷಿನಲ್ಲಿ ಎರಡೂ ಥರ ಓದಿಕೊಳ್ಳಬಹುದು. ಅದರ ಮೇಲೆ ಒಂದು ಗಂಟೆ ವಾದ ಮಾಡಬಲ್ಲೆ, ನನ್ನೊಳಗೇ ಮಾಡಿದ್ದೇನೆ, ಎರಡೂ ಕಡೆಯಿಂದ. ಜ್ಯಾಗ್‌ಗೆ ಬೇರೆಯದೇ ಪ್ರಕಟಣೆ ಬರುತ್ತದೆ, ಅದನ್ನೇ ತೆರೆದು ಓದಬೇಕಿತ್ತು. ಓದಲಿಲ್ಲ. ನಿಯಮ ಅಡ್ಡ ಬಂದಿತು ಎಂದು ಹೇಳಿಕೊಳ್ಳುವ ಸುಖ, ಅಡ್ಡ ಬರುವುದಿಲ್ಲವೆಂದು ಗೊತ್ತಾದರೆ ಹೋಗುತ್ತದೆಯಲ್ಲ. ನೋಡಿ, ನಾನೂ “ಅಲ್ಲ” ಹಾಕಿದೆ.

ಕಳೆದ ವರ್ಷ ಒಬ್ಬ ಕಕ್ಷಿದಾರನ ತಂದೆ ಕಚೇರಿಗೆ ಬಂದಿದ್ದರು. ನಿವೃತ್ತ ಹವಾಲ್ದಾರರು. ಮಗ ಸಿಪಾಯಿ, ಸೇನೆಯೊಳಗಿನ ಚುಟುಕು ವಿಚಾರಣೆಯಾದ ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಆಗಿದ್ದ. ನಾನು ಅಕಾಡೆಮಿಯಲ್ಲಿದ್ದವನೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ಕೇಳಿದರು: “ಸಾಹೇಬರು ಓಡಿಬಂದದ್ದೋ?”

ನನಗೆ ರೇಗಿತು. ಪಲಾಯನಕ್ಕೆ 1950ರ ಸೇನಾ ಕಾಯ್ದೆಯಲ್ಲಿ 38ನೇ ಕಲಮು ಇದೆ, ನಾನು ಅರ್ಜಿ ಬರೆದು, ಸಹಿ ಹಾಕಿ, ಬಾಂಡ್ ಪ್ರಕಾರ ತರಬೇತಿಯ ಖರ್ಚನ್ನು ಅಪ್ಪನಿಂದ ಕಟ್ಟಿಸಿ, ಹಗಲು ಹೊತ್ತಿನಲ್ಲಿ ಗೇಟು ದಾಟಿದವನು ಎಂದೆ. ಅಪ್ಪ ಆ ದುಡ್ಡಿಗೆ ಏನನ್ನು ಅಡವಿಟ್ಟರೆಂದು ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಮುದುಕರು ತಲೆಯಾಡಿಸಿದರು. ಒಪ್ಪಿದ್ದಕ್ಕೋ, ಇಂಥ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ ಎಂಬುದಕ್ಕೋ ತಿಳಿಯಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಆ ಮೇಜಿನ ಮೇಲಿನ ಫೈಲಿನಲ್ಲಿತ್ತು. ಜನರಲ್ ಕೋರ್ಟ್ ಮಾರ್ಷಲ್ ಎಂದರೆ ಕನಿಷ್ಠ ಐದು ಅಧಿಕಾರಿಗಳು, ಕಾನೂನು ಹೇಳಿಕೊಡಲು ಪಕ್ಕದಲ್ಲಿ ಒಬ್ಬ ಜಡ್ಜ್ ಅಡ್ವೊಕೇಟ್. ಆತನಿಗೆ ಮತವಿಲ್ಲ, ಆದರೆ ದಾರಿ ತಪ್ಪಿದರೆ ಎಚ್ಚರಿಸುತ್ತಾನೆ. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಅದೆಲ್ಲ ಇಲ್ಲ. ಕಮಾಂಡಿಂಗ್ ಅಧಿಕಾರಿ ಒಬ್ಬರೇ ಇಡೀ ನ್ಯಾಯಾಲಯ. ಇನ್ನಿಬ್ಬರು ಕುಳಿತಿರುತ್ತಾರೆ, ಅವರಿಗೆ ಪ್ರಮಾಣವಚನವೂ ಇಲ್ಲ, ತೀರ್ಪಿನಲ್ಲಿ ಪಾಲೂ ಇಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದವರೆಗೆ ಜೈಲಿಗೆ ಹಾಕಬಹುದು. ಆರೋಪಿಗೆ ಸಿಗುವುದು ಒಬ್ಬ “ಗೆಳೆಯ”. ನಿಯಮದಲ್ಲಿರುವ ಹೆಸರೇ ಅದು. ಆ ಗೆಳೆಯ ಕಿವಿಯಲ್ಲಿ ಸಲಹೆ ಕೊಡಬಹುದು, ಯಾವ ಪ್ರಶ್ನೆ ಕೇಳಬೇಕೆಂದು ಪಿಸುಗುಟ್ಟಬಹುದು. ತಾನೇ ಎದ್ದು ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ, ನ್ಯಾಯಾಲಯವನ್ನು ಉದ್ದೇಶಿಸಿ ಮಾತನಾಡುವಂತಿಲ್ಲ. ಆ ಸಿಪಾಯಿಯ ಪರವಾಗಿ ಬಾಯಿ ಬಿಟ್ಟು ಮಾತನಾಡುವವನು ಸಿಗುವುದು ಶಿಕ್ಷೆಯಾದ ಮೇಲೆ, 2007ರ ಕಾಯ್ದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ. ನಾನು ಅಲ್ಲಿ ನಿಲ್ಲುತ್ತೇನೆ. ಒಳಗಿದ್ದಿದ್ದರೆ ಬಹುಶಃ ಎದುರುಗಡೆಯ ಕಾಗದಗಳನ್ನು ಓರಣ ಮಾಡುತ್ತಿದ್ದೆ. ಅದೂ ಒಳ್ಳೆಯ ಕೆಲಸವೇ, ಚೆನ್ನಾಗಿ ಮಾಡುವವರನ್ನು ಬಲ್ಲೆ. ನನ್ನದಲ್ಲ, ಅಷ್ಟೆ.

“ಎಷ್ಟು ತಿಂಗಳು ಇದ್ದಿರಿ?” ಎಂದರು ಹವಾಲ್ದಾರರು.

“ಏಳು.”

ಮೇಜಿನ ಪಕ್ಕಕ್ಕೆ ಬಾಗಿ ನನ್ನ ಬೂಟು ನೋಡಿದರು. ಅಲ್ಲಿಂದ ನಾನು ತಂದ ಒಂದೇ ಒಂದು ಅಭ್ಯಾಸ ಅದು: ಹತ್ತಿಯನ್ನು ನೀರಿಗೆ ಅದ್ದಿ, ಪಾಲಿಶ್ ಮುಟ್ಟಿಸಿ, ಮುಖ ಕಾಣುವವರೆಗೆ ಬೂಟಿನ ತುದಿಯಲ್ಲಿ ಸಣ್ಣ ಸಣ್ಣ ಸುತ್ತು ತಿರುವುವುದು. ಹೆಂಡತಿ ನಗುತ್ತಾಳೆ.

“ನೀವೇ ಮಾಡಿದ್ದೋ?”

“ಹೌದು.”

“ಹಿಮ್ಮಡಿ ಬಿಟ್ಟಿದ್ದೀರಿ,” ಎಂದು ಫೈಲನ್ನು ನನ್ನ ಕಡೆ ಸರಿಸಿದರು. “ಮುಂದಿನ ತಾರೀಖು ಯಾವಾಗ?”