ಏಳು ಮಂದಿ ಈಚೆ ಬಂದರು

ಶನಿವಾರ, 18 ಜನವರಿ 2025

ವಿಲಿಯಂ ವೆಲ್‌ಮನ್ ನಿರ್ದೇಶಿಸಿದ ‘ದಿ ಆಕ್ಸ್-ಬೋ ಇನ್ಸಿಡೆಂಟ್’ ಇವತ್ತು ಮತ್ತೆ ನೋಡಿದೆ. 1943ರ ಸಿನಿಮಾ, ಕಪ್ಪು-ಬಿಳುಪು, ಬರೀ 75 ನಿಮಿಷ. ವೆಸ್ಟರ್ನ್, ಅಂದರೆ ಅಮೆರಿಕದ ಪಶ್ಚಿಮದ ಕೌಬಾಯ್ ಸಿನಿಮಾ, ಅಂದಮೇಲೆ ಕುದುರೆ, ಪಿಸ್ತೂಲು, ಕೊನೆಗೆ ಕೆಟ್ಟವನಿಗೆ ತಕ್ಕ ಶಾಸ್ತಿ ಇರಲೇಬೇಕು ಅಂದುಕೊಂಡು ಕೂತವರಿಗೆ ಇದು ಆ ಸಮಾಧಾನ ಕೊಡುವುದಿಲ್ಲ. ಇಲ್ಲಿ ಆ ಶಾಸ್ತಿಯೇ ಅಪರಾಧ.

1885ರ ನೆವಾಡಾ. ಕಿಂಕೇಡ್ ಎಂಬ ದನಗಳ ಮಾಲೀಕನನ್ನು ಯಾರೋ ಗುಂಡಿಟ್ಟು ಕೊಂದಿದ್ದಾರೆ ಎಂಬ ಸುದ್ದಿ ಊರಿಗೆ ಬರುತ್ತದೆ. ನಿಜವೋ ಸುಳ್ಳೋ ಹೋಗಿ ನೋಡುವ ತಾಳ್ಮೆ ಊರವರಿಗಿಲ್ಲ, ಕೊಂದವರನ್ನು ಹಿಡಿಯಲು ಗುಂಪು ಕಟ್ಟಿ ಹೊರಡುತ್ತಾರೆ. ಅದು ಕಾನೂನು ತಲುಪದ ಗಡಿನಾಡು, ಜನ ಬೇರೇನು ಮಾಡಿಯಾರು ಎನ್ನುವ ಸಬೂಬನ್ನು ಸಿನಿಮಾ ಆರಂಭದಲ್ಲೇ ಕಿತ್ತುಹಾಕುತ್ತದೆ. ಊರಲ್ಲಿ ನ್ಯಾಯಾಧೀಶನಿದ್ದಾನೆ. ಕಾನೂನು ಕಾಯುವ ಅಧಿಕಾರಿ ಷರೀಫ್ ಕೂಡ ಇದ್ದಾನೆ, ಕಿಂಕೇಡ್‌ನ ಜಾಗಕ್ಕೇ ಹೋಗಿದ್ದಾನೆ. ಹೀಗೆ ಜನ ಸೇರಿಸಿ ಪ್ರಮಾಣ ಮಾಡಿಸುವ ಅಧಿಕಾರ ನಿನಗಿಲ್ಲ ಎಂದು ನ್ಯಾಯಾಧೀಶ ಹೇಳಿದರೂ ಷರೀಫ್‌ನ ಸಹಾಯಕನಾದ ಡೆಪ್ಯುಟಿ ಕೇಳುವುದಿಲ್ಲ. ಕಾನೂನು ಅಲ್ಲೇ ಇತ್ತು, ಇವರಿಗೆ ಬೇಡವಾಗಿತ್ತು.

ರಾತ್ರಿ ಕಣಿವೆಯಲ್ಲಿ ಮೂವರು ಸಿಗುತ್ತಾರೆ. ಹೆಂಡತಿ ಮಕ್ಕಳಿರುವ ಮಾರ್ಟಿನ್, ಒಬ್ಬ ಮೆಕ್ಸಿಕನ್, ಬುದ್ಧಿ ಸ್ತಿಮಿತವಿಲ್ಲದ ಒಬ್ಬ ಮುದುಕ. ದನಗಳನ್ನು ಕೊಂಡೇ ತಂದಿದ್ದೇನೆ ಎನ್ನುತ್ತಾನೆ ಮಾರ್ಟಿನ್, ಆದರೆ ಕೈಯಲ್ಲಿ ರಶೀದಿ ಇಲ್ಲ. ಮೆಕ್ಸಿಕನ್ ಬಳಿ ಕಿಂಕೇಡ್‌ನ ಪಿಸ್ತೂಲು ಸಿಗುತ್ತದೆ. ಸಂಶಯ ಪಡಲು ಕಾರಣವಿದೆ, ನಿಜ. ವಿಚಾರಣೆಗೆ ಒಪ್ಪಿಸಲು ಅಷ್ಟು ಸಾಕು, ನೇಣು ಹಾಕಲು ಸಾಲದು. ಷರೀಫ್ ಬರಲಿ ಅನ್ನುವವರೆಲ್ಲ ಈಚೆ ಬನ್ನಿ ಎಂದಾಗ ಏಳು ಮಂದಿ ಮಾತ್ರ ಈಚೆ ಬರುತ್ತಾರೆ. ಉಳಿದವರು ನಿಂತಲ್ಲೇ ನಿಲ್ಲುತ್ತಾರೆ. ಅವರಲ್ಲಿ ರಾಕ್ಷಸರು ಕಡಿಮೆ. ನಾಳೆ ಊರಲ್ಲಿ ನಾಲ್ಕು ಜನ ಏನಂದಾರು ಎಂಬ ಅಳುಕೇ ಬಹುಪಾಲು ಮುಖಗಳಲ್ಲಿ ಕಾಣುವುದು. ನನಗೆ ಕೊಲೆಗಾರನ ಮುಖಕ್ಕಿಂತ ಈ ಮುಖಗಳನ್ನು ನೋಡುವುದೇ ಕಷ್ಟವಾಯಿತು.

ಈಚೆ ಬಂದವರಲ್ಲಿ ಸ್ಪಾರ್ಕ್ಸ್ ಎಂಬ ಕಪ್ಪು ವರ್ಣದ ಧರ್ಮಬೋಧಕನಿದ್ದಾನೆ. ಚಿಕ್ಕವನಿದ್ದಾಗ ತನ್ನ ಅಣ್ಣನನ್ನೇ ಗುಂಪು ಕೊಂದದ್ದನ್ನು ಕಂಡವನು, ಈಗಲೂ ಅದು ಕನಸಲ್ಲಿ ಬಂದು ಎಚ್ಚರವಾಗುತ್ತದೆ ಎಂದು ಗುಂಪಿನ ಜೊತೆ ಬಂದ ಗಿಲ್ ಎಂಬವನಿಗೆ ಹೇಳುತ್ತಾನೆ. ಗಿಲ್ ಪಾತ್ರ ಮಾಡಿದವರು ಹೆನ್ರಿ ಫೋಂಡಾ. 1919ರಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ವಿಲ್ ಬ್ರೌನ್ ಎಂಬ ಕಪ್ಪು ಮನುಷ್ಯನನ್ನು ಜನ ಕೋರ್ಟ್ ಕಟ್ಟಡಕ್ಕೇ ಬೆಂಕಿ ಇಟ್ಟು ಎಳೆದು ತಂದು ಕೊಂದಾಗ, 14 ವರ್ಷದ ಫೋಂಡಾ ತಂದೆಯ ಮುದ್ರಣಾಲಯದ ಕಿಟಕಿಯಿಂದ ಅದನ್ನು ನೋಡಿದ್ದರು. ಇದು ಗೊತ್ತಿದ್ದು ಆ ದೃಶ್ಯ ನೋಡಿದರೆ ಸ್ಪಾರ್ಕ್ಸ್‌ನ ಮಾತು ಕೇಳುತ್ತಿರುವವನು ಬರೀ ಗಿಲ್ ಅನ್ನಿಸುವುದಿಲ್ಲ.

ಈ ಸಿನಿಮಾ ಬಂದು 14 ವರ್ಷ ಕಳೆದು ಅದೇ ಫೋಂಡಾ ‘12 ಆಂಗ್ರಿ ಮೆನ್’ ಸಿನಿಮಾದಲ್ಲಿ ಕೊಲೆ ಮೊಕದ್ದಮೆಯ ತೀರ್ಪು ಹೇಳಬೇಕಾದ ಹನ್ನೆರಡು ಜನರ ಜ್ಯೂರಿಯಲ್ಲಿ ಒಬ್ಬರೇ ನಿಂತು ಬೇಡ ಅಂದರು, ಒಂದು ಜೀವ ಉಳಿಯಿತು. ಅಲ್ಲಿ ಹನ್ನೆರಡೂ ಜನ ಒಪ್ಪದೆ ಶಿಕ್ಷೆಯಿಲ್ಲ, ಹಾಗಾಗಿ ಒಂಟಿ ದನಿಗೂ ಬಲವಿತ್ತು. ಈ ಕಣಿವೆಯಲ್ಲಿ ಏಳು ಜನ ಬೇಡ ಅಂದರೂ ಅದು ಬರೀ ಸೋತ ಲೆಕ್ಕ. ಬೆಳಗಾಗುತ್ತಲೇ ಮೂವರನ್ನೂ ನೇಣಿಗೇರಿಸುತ್ತಾರೆ. ವಾಪಸು ಬರುವ ದಾರಿಯಲ್ಲಿ ಎದುರಾದ ಷರೀಫ್ ಹೇಳುತ್ತಾನೆ: ಕಿಂಕೇಡ್ ಸತ್ತೇ ಇಲ್ಲ.

ಒಂದೇ ತಕರಾರು ನನ್ನದು. ಸಾಯುವ ಮೊದಲು ಮಾರ್ಟಿನ್ ಹೆಂಡತಿಗೆ ಪತ್ರ ಬರೆಯುತ್ತಾನೆ. ಅದನ್ನು ಉಳಿದವರಿಗೆ ತೋರಿಸಿದರೆ ಮನಸ್ಸು ಕರಗೀತು ಎಂದು ಒಬ್ಬ ಹಿರಿಯ ಹೊರಟರೆ, ಅದು ನನ್ನ ಹೆಂಡತಿಗೆ ಬರೆದದ್ದು ಎಂದು ಮಾರ್ಟಿನ್ ಸಿಟ್ಟಾಗುತ್ತಾನೆ. ಅಷ್ಟು ಗಟ್ಟಿಯಾದ ಮಾತಿನ ಮೇಲೂ ಕೊನೆಗೆ ಗಿಲ್ ಅದನ್ನು ಎಲ್ಲರೆದುರು ಓದುತ್ತಾನೆ. ಪಕ್ಕದವನ ಟೋಪಿಯ ಅಂಚು ಅವನ ಕಣ್ಣುಗಳನ್ನು ಮರೆಮಾಡುವಂತೆ ವೆಲ್‌ಮನ್ ಕ್ಯಾಮೆರಾ ಇಟ್ಟದ್ದು ಅದ್ಭುತ, ಒಪ್ಪುತ್ತೇನೆ. ಆದರೆ ಪತ್ರ ನ್ಯಾಯ, ನಾಗರಿಕತೆ ಅಂತ ಭಾಷಣದ ಹಾಗೆ ಸಾಗುತ್ತದೆ. ಸಾಯಲಿರುವವನು ಹೆಂಡತಿಗೆ ಹೀಗೆ ಬರೆಯುತ್ತಾನೆಯೇ? ಮೂಲ ಕಾದಂಬರಿಯಲ್ಲಿ ವಾಲ್ಟರ್ ವಾನ್ ಟಿಲ್ಬರ್ಗ್ ಕ್ಲಾರ್ಕ್ ಆ ಪತ್ರವನ್ನು ಓದುಗರಿಗೆ ತೋರಿಸುವುದೇ ಇಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ.