ಸೋಲಾರ್ ಹಾಕಿಸುವ ಮುನ್ನ ಬಿಲ್ ಓದಿಸಿ

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ 11 ಕೆವಿ ಲೈನಿನಿಂದ ಕರೆಂಟ್ ಪಡೆಯುವ ಮಧ್ಯಮ ಗಾತ್ರದ ಕಾರ್ಖಾನೆಗೆ ಎನರ್ಜಿ ಕನ್ಸಲ್ಟೆಂಟ್ ಕಾಲಿಟ್ಟರೆ ಮಾಲೀಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: "ಶೆಡ್ಡಿನ ಮೇಲೆ ಎಷ್ಟು ಕಿಲೋವ್ಯಾಟ್ ಸೋಲಾರ್ ಕೂರುತ್ತೆ?" ಕೆಲಸ ಬಲ್ಲವರು ಇದಕ್ಕೆ ಅಂದೇ ಉತ್ತರ ಕೊಡುವುದಿಲ್ಲ. ಹಿಂದಿನ 24 ತಿಂಗಳ ಬಿಲ್ಲುಗಳನ್ನು ಕೇಳುತ್ತಾರೆ, ಮೀಟರಿನ ಲೋಡ್ ಸರ್ವೇ ಡೇಟಾ (ಯಾವ ಹೊತ್ತಿಗೆ ಎಷ್ಟು ಲೋಡ್ ಇತ್ತೆಂಬ ದಾಖಲೆ) ತೆಗೆಸಿಕೊಡಿ ಎನ್ನುತ್ತಾರೆ. ಸೋಲಾರ್ ಬೇಡ ಎಂದಲ್ಲ, ಅದರ ಸರದಿ ಕೊನೆಗೆ. ಪೋಲಾಗುತ್ತಿರುವ ಕರೆಂಟಿಗೂ ಸೇರಿಸಿ ಪ್ಯಾನೆಲ್ ಕೊಂಡರೆ ದುಡ್ಡು ಎರಡು ಸಲ ಹೋಗುತ್ತದೆ.

ಎಚ್‌ಟಿ (ಹೈ ಟೆನ್ಶನ್) ಬಿಲ್ಲಿನಲ್ಲಿ, ಅಂದರೆ ಇಂಥ 11 ಕೆವಿ ಗ್ರಾಹಕರ ಬಿಲ್ಲಿನಲ್ಲಿ, ಯೂನಿಟ್ಟಿನ ಲೆಕ್ಕವನ್ನು ಎಲ್ಲರೂ ನೋಡುತ್ತಾರೆ. ಕಣ್ಣು ತಪ್ಪುವುದು ಡಿಮ್ಯಾಂಡ್ ಶುಲ್ಕದ ಸಾಲು. ಕಾರ್ಖಾನೆ ಒಂದೇ ಹೊತ್ತಿಗೆ ಎಳೆಯುವ ಗರಿಷ್ಠ ಲೋಡಿಗೆ ಕಟ್ಟುವ ಈ ಶುಲ್ಕ ಕೆವಿಎ (ಲೈನಿನಿಂದ ಎಳೆಯುವ ಒಟ್ಟು ವಿದ್ಯುತ್ತಿನ ಅಳತೆ) ಲೆಕ್ಕದಲ್ಲಿ ಬರುತ್ತದೆ. ಆ ತಿಂಗಳು ದಾಖಲಾದ ಗರಿಷ್ಠ ಡಿಮ್ಯಾಂಡ್ ಒಂದು ಕಡೆ, ಕಾಂಟ್ರ್ಯಾಕ್ಟ್ ಡಿಮ್ಯಾಂಡಿನ (ವಿದ್ಯುತ್ ಕಂಪನಿಯೊಂದಿಗೆ ಒಪ್ಪಂದವಾದ ಮಿತಿ) ಇಂತಿಷ್ಟು ಶೇಕಡ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ಆ ಶೇಕಡ ಎಷ್ಟೆಂಬುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿಯ ಟ್ಯಾರಿಫ್ ಆದೇಶದಲ್ಲಿರುತ್ತದೆ, ಆದೇಶ ಬದಲಾದಾಗ ಅದೂ ಬದಲಾಗಬಹುದು. ಲೆಕ್ಕಕ್ಕೆ ಶೇ 85 ಎಂದೂ ದರ ಕೆವಿಎಗೆ 350 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಕಾಂಟ್ರ್ಯಾಕ್ಟ್ 500 ಕೆವಿಎ ಇದ್ದು, ವರ್ಷವಿಡೀ 340 ದಾಟದ ಘಟಕ 425 ಕೆವಿಎಗೆ ದುಡ್ಡು ಕಟ್ಟುತ್ತಿರುತ್ತದೆ. ಬಳಸದ 85 ಕೆವಿಎಗೆ ತಿಂಗಳಿಗೆ 29,750 ರೂಪಾಯಿ. ಹಿಂದೆಂದೋ ದೊಡ್ಡ ಪ್ರೆಸ್ ಇತ್ತು, ಮಾರಿಬಿಟ್ಟರು, ಕಾಂಟ್ರ್ಯಾಕ್ಟ್ ಮಾತ್ರ ಹಾಗೇ ಉಳಿಯಿತು. ಇಂಥದ್ದು ಎಷ್ಟೋ ಕಡೆ ಸಿಗುತ್ತದೆ.

ಅದನ್ನು 400ಕ್ಕೆ ಇಳಿಸಿದರೆ, ಯಾವುದೋ ಒಂದು ತಿಂಗಳು 420 ಮುಟ್ಟಿದರೆ ಗತಿ ಏನು ಎಂಬ ಭಯ ಸಹಜ. ಕಾಂಟ್ರ್ಯಾಕ್ಟ್ ಮೀರಿದ ಭಾಗಕ್ಕೆ ದುಪ್ಪಟ್ಟು ದರ. ಆ ತಿಂಗಳ ಡಿಮ್ಯಾಂಡ್ ಶುಲ್ಕ 1,54,000 ರೂಪಾಯಿ. 500 ಕೆವಿಎಯನ್ನೇ ಇಟ್ಟುಕೊಂಡಿದ್ದರೆ 1,48,750. ಅಂದರೆ ಒಂದು ತಿಂಗಳು 5,250 ರೂಪಾಯಿ ಹೆಚ್ಚು ಹೋದರೂ ಉಳಿದ ಹನ್ನೊಂದು ತಿಂಗಳು ಸುಮಾರು ಮೂವತ್ತು ಸಾವಿರದಂತೆ ಉಳಿಯುತ್ತದೆ. ಈ ಲೆಕ್ಕವನ್ನು ತಿಂಗಳು ತಿಂಗಳಿಗೆ ಮಾಡಿ ತೋರಿಸುವುದಕ್ಕೇ ಎರಡು ವರ್ಷದ ಬಿಲ್ ಬೇಕಾಗುವುದು. ಮುಂದಿನ ವರ್ಷ ಹೊಸ ಮಷಿನ್ ಬರುವುದಿದ್ದರೆ ಆ ಮಾತೂ ಆಗಲೇ ಆಗಬೇಕು. ಇಳಿಸಿದ್ದನ್ನು ಮತ್ತೆ ಏರಿಸಲು ಅರ್ಜಿ, ಡಿಪಾಸಿಟ್, ಓಡಾಟ ಎಲ್ಲವೂ ಹೊಸದಾಗಿ ಶುರುವಾಗುತ್ತವೆ.

ಡಿಮ್ಯಾಂಡ್ ಏರುವುದು ಯಾಕೆ ಎಂಬುದರ ಬಗ್ಗೆ ಶಾಪ್ ಫ್ಲೋರಿನಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: "ದೊಡ್ಡ ಮೋಟರ್ ಸ್ಟಾರ್ಟ್ ಮಾಡಿದಾಗ ಏರಿಬಿಡುತ್ತೆ" ಎಂದು. ಮೀಟರ್ ಹಿಡಿಯುವುದು ಕ್ಷಣದ ಏರಿಕೆಯನ್ನಲ್ಲ, 15 ನಿಮಿಷದಂಥ ಅವಧಿಯ ಸರಾಸರಿಯನ್ನು. ಸ್ಟಾರ್ ಡೆಲ್ಟಾ ಸ್ಟಾರ್ಟರಿನಲ್ಲಿ ಐದಾರು ಸೆಕೆಂಡ್ ಕರೆಂಟ್ ಜಿಗಿದರೆ ಆ ಸರಾಸರಿಗೆ ಏನೂ ಆಗುವುದಿಲ್ಲ. ಏರಿಸುವುದು ಬೆಳಗಿನ ಶಿಫ್ಟಿನ ಮೊದಲ ಅರ್ಧ ಗಂಟೆ. ಹೀಟ್ ಟ್ರೀಟ್‌ಮೆಂಟ್ ಫರ್ನೇಸ್ ತಣ್ಣಗಿರುತ್ತದೆ, ಪ್ಲೇಟಿಂಗ್ ಟ್ಯಾಂಕಿನ ಹೀಟರ್‌ಗಳು ಆಗಷ್ಟೇ ಆನ್ ಆಗಿರುತ್ತವೆ, ಎರಡೂ ಕಂಪ್ರೆಸರ್ ಖಾಲಿ ಟ್ಯಾಂಕ್ ತುಂಬಿಸುತ್ತಿರುತ್ತವೆ. ಲೋಡ್ ಸರ್ವೇಯ ಗ್ರಾಫಿನಲ್ಲಿ ಇದು ಕೊಂಬಿನಂತೆ ಎದ್ದು ಕಾಣುತ್ತದೆ. ಟ್ಯಾಂಕ್ ಹೀಟರ್‌ಗೆ ಟೈಮರ್ ಹಾಕಿ ನಸುಕಿನ ನಾಲ್ಕೂವರೆಗೇ ಶುರುವಾಗುವಂತೆ ಮಾಡಿದರೆ ಆ ಕೊಂಬು ಮುರಿಯುತ್ತದೆ. ಟೈಮ್ ಆಫ್ ಡೇ ದರ ಇರುವ ಘಟಕಕ್ಕೆ ಇನ್ನೊಂದು ಲಾಭ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಯೂನಿಟ್ ಅಗ್ಗ, ಸಂಜೆ 6ರಿಂದ 10ರವರೆಗೆ ದುಬಾರಿ ಎಂಬ ಪದ್ಧತಿ ಕರ್ನಾಟಕದಲ್ಲಿ ಬಹುಕಾಲದಿಂದ ಇದೆ. ಸಮಯವನ್ನೂ ದರವನ್ನೂ ಹೊಸ ಆದೇಶದಲ್ಲಿ ಖಚಿತಪಡಿಸಿಕೊಂಡೇ ಟೈಮರ್ ಸೆಟ್ ಮಾಡಿ.

ಇನ್ನು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಕಿಲೋವ್ಯಾಟ್ ಭಾಗ. ಎಚ್‌ಟಿ ಗ್ರಾಹಕರಿಗೆ ಅದು 0.90ಕ್ಕಿಂತ ಇಳಿದರೆ ಪ್ರತಿ 0.01ಕ್ಕೆ ಯೂನಿಟ್ಟಿಗೆ 3 ಪೈಸೆಯಂತೆ ದಂಡ. 0.92 ಇದೆ, ದಂಡ ಬರುತ್ತಿಲ್ಲ, ಸಾಕು ಎಂದು ಬಹಳ ಜನ ಸುಮ್ಮನಿರುತ್ತಾರೆ. ಆದರೆ ಡಿಮ್ಯಾಂಡ್ ಶುಲ್ಕ ಕೆವಿಎಯಲ್ಲಿದೆಯಲ್ಲ? 400 ಕಿಲೋವ್ಯಾಟ್ ಲೋಡು 0.92ರಲ್ಲಿ 435 ಕೆವಿಎ, 0.99ರಲ್ಲಿ 404. 0.99ಕ್ಕೆ ಏರಿಸಲು ಬೇಕಾಗುವುದು ಸುಮಾರು 115 ಕೆವಿಎಆರ್ ಕೆಪ್ಯಾಸಿಟರ್. ಮೋಟರ್‌ಗಳು ಕಾಂತಕ್ಷೇತ್ರಕ್ಕಾಗಿ ಎಳೆಯುವ, ಕೆಲಸ ಮಾಡದ ವಿದ್ಯುತ್ತಿನ ಅಳತೆಯೇ ಕೆವಿಎಆರ್; ಕೆಪ್ಯಾಸಿಟರ್ ಅದನ್ನು ಅಲ್ಲೇ ಒದಗಿಸುತ್ತದೆ.

ಗೋಡೆಯ ಮೇಲೆ ಎಪಿಎಫ್‌ಸಿ ಪ್ಯಾನೆಲ್ (ಬೇಕಾದಷ್ಟು ಕೆಪ್ಯಾಸಿಟರನ್ನು ತಾನೇ ಹಂತ ಹಂತವಾಗಿ ಸೇರಿಸುವ ಪೆಟ್ಟಿಗೆ) ಈಗಾಗಲೇ ಇರುತ್ತದೆ, ಡಿಸ್‌ಪ್ಲೇಯಲ್ಲಿ ಎಲ್ಲ ಸ್ಟೇಜ್ ಆನ್ ಎಂದೂ ತೋರಿಸುತ್ತಿರುತ್ತದೆ. ಅದನ್ನು ನಂಬಬಾರದು. ಅನುಭವಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಾಗಿಲು ತೆಗೆಸಿ ಒಂದೊಂದೇ ಸ್ಟೇಜಿನ ಮೂರೂ ಫೇಸಿಗೆ ಕ್ಲ್ಯಾಂಪ್ ಮೀಟರ್ ಹಾಕಿಸಬೇಕು. 440 ವೋಲ್ಟಿನ 25 ಕೆವಿಎಆರ್ ಕೆಪ್ಯಾಸಿಟರ್ 415 ವೋಲ್ಟಿನಲ್ಲಿ ಸುಮಾರು 31 ಆಂಪಿಯರ್ ಎಳೆಯಬೇಕು. 18 ತೋರಿಸಿದರೆ ಅದು ಸೊರಗಿದೆ. ಒಂದು ಫೇಸಿನಲ್ಲಿ ಸೊನ್ನೆ ಇದ್ದರೆ ಫ್ಯೂಸ್ ಹೋಗಿದೆ ಅಥವಾ ಕಾಂಟ್ಯಾಕ್ಟರಿನ ತುದಿ ಸುಟ್ಟಿದೆ. ಡಬ್ಬ ಉಬ್ಬಿದ್ದರೆ ಅಳೆಯುವುದೇ ಬೇಡ, ತೆಗೆಸಿ. ಹೊಸದು ಹಾಕಿದರೂ ವರ್ಷದೊಳಗೆ ಹೋಗುತ್ತಿದೆ ಎಂದರೆ ವಿಎಫ್‌ಡಿಗಳಿಂದ (ಮೋಟರಿನ ವೇಗ ಬದಲಿಸುವ ಡ್ರೈವ್) ಹುಟ್ಟುವ ಹಾರ್ಮಾನಿಕ್ಸ್ (ಕರೆಂಟಿನ ಅಲೆಯ ವಿಕಾರ) ಮೇಲೆ ಅನುಮಾನ ಪಡಬೇಕು. ಆಗ ಹಾರ್ಮಾನಿಕ್ಸ್ ತಡೆಯುವ ಶೇ 7ರ ರಿಯಾಕ್ಟರ್ ಮತ್ತು ಅದಕ್ಕೆ ಹೊಂದುವ ಹೆಚ್ಚಿನ ವೋಲ್ಟೇಜಿನ ಕೆಪ್ಯಾಸಿಟರ್ ಎರಡೂ ಜೊತೆಯಾಗಿ ಬರಬೇಕು. ಹಳೆಯ 440 ವೋಲ್ಟಿನದಕ್ಕೇ ರಿಯಾಕ್ಟರ್ ಸೇರಿಸಿದರೆ ಅದರ ಮೇಲೆ ವೋಲ್ಟೇಜ್ ಇನ್ನೂ ಏರಿ ಬೇಗ ಸಾಯುತ್ತದೆ.

ಸೋಲಾರ್ ಹಾಕಿದ ಮೇಲೆ ಪವರ್ ಫ್ಯಾಕ್ಟರ್ ಬಿತ್ತು ಎಂಬ ದೂರಿಗೂ ಕಾರಣ ಇಲ್ಲೇ ಇದೆ. 400 ಕಿಲೋವ್ಯಾಟ್ ಲೋಡ್ 0.95ರಲ್ಲಿ ಓಡುತ್ತಿದೆ ಎನ್ನಿ. ಅದಕ್ಕೆ 131 ಕೆವಿಎಆರ್ ಬೇಕು. ಮಧ್ಯಾಹ್ನ ಸೋಲಾರ್ 250 ಕಿಲೋವ್ಯಾಟ್ ಕೊಟ್ಟಿತು. ಗ್ರಿಡ್ಡಿನಿಂದ ಬರುವುದು ಬರೀ 150 ಕಿಲೋವ್ಯಾಟ್, ಆದರೆ ಆ 131 ಕೆವಿಎಆರ್ ಹಾಗೆಯೇ ಇದೆ. ಮೀಟರಿಗೆ ಕಾಣುವ ಪವರ್ ಫ್ಯಾಕ್ಟರ್ 0.75. ಮಷಿನ್‌ಗಳಲ್ಲಿ ಏನೂ ಕೆಟ್ಟಿಲ್ಲ, ಲೆಕ್ಕವೇ ಹಾಗೆ. ಎಪಿಎಫ್‌ಸಿಗೆ ಕರೆಂಟ್ ಅಳೆದು ಕೊಡುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸೋಲಾರ್ ಸೇರುವ ಜಾಗದಿಂದ ಲೋಡಿನ ಕಡೆಗಿದ್ದರೆ ಪ್ಯಾನೆಲ್ ಎಲ್ಲ ಚೆನ್ನಾಗಿದೆ ಎಂದುಕೊಂಡು ಕೂತಿರುತ್ತದೆ. ಸಿಟಿಯನ್ನು ಗ್ರಿಡ್ ಕಡೆಗೆ ಬದಲಿಸಬೇಕು, ಅಥವಾ ಇನ್ವರ್ಟರಿನಲ್ಲೇ ಸ್ವಲ್ಪ ಕೆವಿಎಆರ್ ಕೊಡುವ ಸೆಟ್ಟಿಂಗ್ ಮಾಡಿಸಬೇಕು. ಸೋಲಾರ್ ಮಾರುವವರ ಕೊಟೇಶನ್ನಿನಲ್ಲಿ ಈ ಸಾಲು ಇದೆಯೇ ಎಂದು ದಯವಿಟ್ಟು ಹುಡುಕಿ. ಇನ್ನೂ ಒಂದು ಮಾತು: ಗರಿಷ್ಠ ಡಿಮ್ಯಾಂಡ್ ಬೆಳಗ್ಗೆ ಆರೂವರೆಗೋ ಸಂಜೆ ಏಳಕ್ಕೋ ದಾಖಲಾಗುವ ಕಾರ್ಖಾನೆಯಲ್ಲಿ ಸೋಲಾರ್‌ನಿಂದ ಯೂನಿಟ್ ಉಳಿಯುತ್ತದೆಯೇ ಹೊರತು ಡಿಮ್ಯಾಂಡ್ ಶುಲ್ಕ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಬಿಲ್ ಮುಗಿದ ಮೇಲೆ ಶಾಪ್ ಫ್ಲೋರ್. ಅಲ್ಲಿ ಕಂಪ್ರೆಸ್ಡ್ ಏರ್‌ನಷ್ಟು ಸುಲಭವಾಗಿ ದುಡ್ಡು ಸಿಗುವ ಜಾಗ ಇನ್ನೊಂದಿಲ್ಲ. ಪರೀಕ್ಷೆಗೆ ಬೇಕಾದ್ದು ಮೊಬೈಲಿನ ಸ್ಟಾಪ್‌ವಾಚ್ ಅಷ್ಟೇ. ಶನಿವಾರ ಶಿಫ್ಟ್ ಮುಗಿದು ಎಲ್ಲ ಮಷಿನ್ ನಿಂತ ಮೇಲೆ ಕಂಪ್ರೆಸರ್ ಮಾತ್ರ ಓಡಿಸಿ. ಗಾಳಿ ಬಳಸುವವರೇ ಇಲ್ಲದಾಗಲೂ ಅದು ಲೋಡ್ ಆಗುತ್ತಿದ್ದರೆ (ಗಾಳಿ ತುಂಬಿಸುತ್ತಿದ್ದರೆ) ಅಷ್ಟೂ ಸೋರಿಕೆ. 90 ಸೆಕೆಂಡ್ ಲೋಡ್, 210 ಸೆಕೆಂಡ್ ಅನ್‌ಲೋಡ್ (ಗಾಳಿ ತುಂಬಿಸದ ಖಾಲಿ ಓಟ) ಎಂದರೆ 300ರಲ್ಲಿ 90, ಅಂದರೆ ಶೇ 30. ನಿಮಿಷಕ್ಕೆ 6 ಘನ ಮೀಟರ್ ಗಾಳಿ ಕೊಡುವ 37 ಕಿಲೋವ್ಯಾಟಿನ ಸ್ಕ್ರೂ ಕಂಪ್ರೆಸರ್ ಆಗಿದ್ದರೆ 1.8 ಘನ ಮೀಟರ್ ನೆಲಕ್ಕೆ ಹೋಗುತ್ತಿದೆ. ಐದಾರು ಆವರ್ತ ನೋಡಿ ಸರಾಸರಿ ತೆಗೆಯಿರಿ. ಆಮೇಲೆ ಸೋಪಿನ ನೀರು ಹಿಡಿದು ಹೊರಡಿ. ಕ್ವಿಕ್ ಕಪ್ಲರ್, ಸಡಿಲಾದ ಹೋಸ್ ಕ್ಲಿಪ್, ಮಷಿನ್ ಬಳಿ ಗಾಳಿ ಸೋಸುವ ಎಫ್‌ಆರ್‌ಎಲ್‌ನ ಬೌಲ್, ನೀರು ಬಿಡಲೆಂದು ಯಾರೋ ಅರ್ಧ ತೆರೆದಿಟ್ಟ ಡ್ರೈನ್ ವಾಲ್ವ್, ವರ್ಷದಿಂದ ನಿಂತಿರುವ ಮಷಿನ್‌ಗೆ ಹೋಗುವ ಲೈನು: ಹೆಚ್ಚಿನ ಸೋರಿಕೆ ಇಷ್ಟರಲ್ಲೇ ಸಿಗುತ್ತದೆ.

ಸೋರಿಕೆ ಮುಚ್ಚಿದ ಕೂಡಲೇ ಬಿಲ್ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ಬರೆದುಕೊಟ್ಟವರನ್ನು ಮಾತ್ರ ನಂಬಬೇಡಿ. ಸಾಧಾರಣ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆಗಿದ್ದಾಗಲೂ ಪೂರ್ಣ ಲೋಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕರೆಂಟ್ ತಿನ್ನುತ್ತದೆ. ಪೂರ್ತಿ ಲಾಭ ಸಿಗುವುದು ಎರಡನೇ ಕಂಪ್ರೆಸರನ್ನು ನಿಲ್ಲಿಸಿದಾಗ, ಅಥವಾ ಒತ್ತಡ ಇಳಿಸಿದಾಗ. 7.5 ಬಾರ್‌ನಿಂದ 6.5ಕ್ಕೆ ಇಳಿದರೆ ಶೇ 6ರಿಂದ 7ರಷ್ಟು ಉಳಿತಾಯ. ಒಂದೇ ಸಲ ಇಳಿಸಬಾರದು, 0.2 ಬಾರ್‌ನಂತೆ ಇಳಿಸಿ ಒಂದು ದಿನ ಕಾಯಬೇಕು. ಕೊನೆಯ ಮೂಲೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷಿನ್ "ಲೋ ಏರ್ ಪ್ರೆಶರ್" ಅಲಾರಂ ಕೊಟ್ಟರೆ ತಕ್ಷಣ ಒತ್ತಡ ಏರಿಸಬೇಡಿ. ಆ ಮಷಿನ್‌ಗೆ ಹೋಗುವ ಪೈಪಿನ ಗಾತ್ರ, ಫಿಲ್ಟರ್ ನೋಡಿ. ಒಂದು ಕಟ್ಟಿಕೊಂಡ ಫಿಲ್ಟರಿಗಾಗಿ ಇಡೀ ಕಾರ್ಖಾನೆಯ ಒತ್ತಡ ಏರಿಸಿಟ್ಟಿರುವುದು ಬಹಳ ಸಾಮಾನ್ಯ.

ವಿಎಫ್‌ಡಿ ಬಗ್ಗೆ ಚಿಕ್ಕದಾಗಿ: ಫ್ಯಾನಿನ ವೇಗ ಶೇ 20 ಇಳಿಸಿದರೆ ಕರೆಂಟ್ ಹೆಚ್ಚು ಕಡಿಮೆ ಅರ್ಧಕ್ಕೆ ಬರುತ್ತದೆ. ಎತ್ತರದ ಟ್ಯಾಂಕಿಗೆ ನೀರೆತ್ತುವ ಪಂಪಿಗೆ ಈ ಲೆಕ್ಕ ಹೊಂದುವುದಿಲ್ಲ. ಸದಾ ಪೂರ್ಣ ಲೋಡಿನಲ್ಲಿ ಓಡುವ ಮೋಟರಿಗೆ ಹಾಕಿದರೆ ಡ್ರೈವಿನ ನಷ್ಟವೇ ಮೇಲಿಂದ ಸೇರಿಕೊಳ್ಳುತ್ತದೆ.

ಇಷ್ಟಾದ ಮೇಲೆ ಉಳಿದ ಲೋಡಿಗೆ ಸೋಲಾರ್ ಅಳತೆ ಮಾಡಿ. ಭಾನುವಾರ ಕಾರ್ಖಾನೆ ಮುಚ್ಚಿರುತ್ತದೆಯೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ; ಮುಚ್ಚಿದ್ದರೆ ಅಂದಿನ ಸೋಲಾರ್ ಕರೆಂಟ್ ಅಲ್ಲಿ ಬಳಕೆಯಾಗುವುದಿಲ್ಲ. ಛಾವಣಿ ಸಾಲದವರಿಗೆ ಹೊರಗಿನಿಂದ ಸೌರ ಅಥವಾ ಗಾಳಿ ವಿದ್ಯುತ್ ಕೊಳ್ಳುವ ದಾರಿ ಇದೆ. 2022ರ ಗ್ರೀನ್ ಓಪನ್ ಆಕ್ಸೆಸ್ ನಿಯಮಗಳು ಇದರ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿದವು. ಯೂನಿಟ್ಟಿಗೆ ಹೇಳುವ ದರ ಕೇಳಿ ಮರುಳಾಗಬಾರದು. ಅದರ ಮೇಲೆ ವೀಲಿಂಗ್ (ಎಸ್ಕಾಂ ಲೈನ್ ಬಳಸುವ ಶುಲ್ಕ), ಟ್ರಾನ್ಸ್‌ಮಿಶನ್, ಲೈನ್ ನಷ್ಟ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ (ಹೊರಗಿನಿಂದ ಕೊಳ್ಳುವವರು ಎಸ್ಕಾಂಗೆ ಕಟ್ಟುವ ಹೆಚ್ಚುವರಿ ಶುಲ್ಕ) ಎಲ್ಲ ಕೂಡಿಸಿದ ಮೇಲೆ ಕಾರ್ಖಾನೆಯ ಬಾಗಿಲಲ್ಲಿ ಎಷ್ಟು ಬೀಳುತ್ತದೆ ಎಂಬುದೇ ನಿಜವಾದ ದರ. ಎಸ್ಕಾಂಗೆ ಕಟ್ಟುವ ಡಿಮ್ಯಾಂಡ್ ಶುಲ್ಕವಂತೂ ನಿಲ್ಲುವುದಿಲ್ಲ. ಗ್ರೂಪ್ ಕ್ಯಾಪ್ಟಿವ್ (ಹಲವು ಬಳಕೆದಾರರು ಪಾಲು ಹಾಕಿದ ವಿದ್ಯುತ್ ಘಟಕ) ಆದರೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ತಪ್ಪುತ್ತದೆ. ಅದಕ್ಕೆ ಬಳಕೆದಾರರು ಒಟ್ಟಾಗಿ ಶೇ 26 ಪಾಲು ಹೊಂದಿರಬೇಕು, ವರ್ಷದ ಉತ್ಪಾದನೆಯಲ್ಲಿ ಶೇ 51 ಬಳಸಬೇಕು. ಪಾಲುದಾರ ಕಾರ್ಖಾನೆಗಳ ಆರ್ಡರ್ ಕಡಿಮೆಯಾಗಿ ಬಳಕೆ ಅಷ್ಟು ಮುಟ್ಟದಿದ್ದರೆ ಆ ವರ್ಷದ ಸರ್‌ಚಾರ್ಜ್ ಪೂರ್ತಿ ಮೈಮೇಲೆ ಬರುತ್ತದೆ. ಅದನ್ನು ಯಾರು ಹೊರಬೇಕು ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ.

ಈಚೆಗೆ ದೊಡ್ಡ ಗ್ರಾಹಕ ಕಂಪನಿಗಳು ಬಿಡಿಭಾಗ ಮಾಡಿಕೊಡುವವರ ಹತ್ತಿರವೂ ಕಾರ್ಬನ್ ಲೆಕ್ಕ ಕೇಳುತ್ತಿವೆ. ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಯ) ವರದಿ ಕಡ್ಡಾಯ ಮಾಡಿದ್ದು ಇದಕ್ಕೆ ಒಂದು ಕಾರಣ. ಲೆಕ್ಕ ಕಷ್ಟದ್ದಲ್ಲ. ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಕೇಂದ್ರ ವಿದ್ಯುತ್ ಪ್ರಾಧಿಕಾರ (ಸಿಇಎ) ಪ್ರಕಟಿಸುವ ಆ ವರ್ಷದ ಅಂಕಿಯನ್ನೇ ಬಳಸಿ. ಜನರೇಟರಿಗೆ ಹಾಕಿದ ಡೀಸೆಲ್ ಲೀಟರಿಗೆ ಸುಮಾರು 2.7 ಕೆ.ಜಿ. ಹಸಿರು ಕರೆಂಟಿನ ಸರ್ಟಿಫಿಕೇಟನ್ನು ಬೇರೆಯವರಿಗೆ ಮಾರಿದ್ದರೆ ಆ ಯೂನಿಟ್‌ಗಳನ್ನು ನಿಮ್ಮ ಲೆಕ್ಕದಲ್ಲಿ ಹಸಿರು ಎಂದು ತೋರಿಸುವಂತಿಲ್ಲ.

ಕನ್ಸಲ್ಟೆಂಟರ ಆಯ್ಕೆಯಲ್ಲಿ ನನ್ನ ಮಾತು ಇಷ್ಟು. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಪರೀಕ್ಷೆ ಪಾಸಾದ ಎನರ್ಜಿ ಆಡಿಟರ್ ಇದ್ದಾರೆಯೇ ಕೇಳಿ. ಉಚಿತ ಆಡಿಟ್ ಮಾಡಿ ಕೊನೆಗೆ ತಮ್ಮದೇ ಉಪಕರಣ ಕೊಳ್ಳಲು ಹೇಳುವವರ ವರದಿಯನ್ನು ಕೊಟೇಶನ್ ಎಂದೇ ಓದಿ. ಉಳಿತಾಯದಲ್ಲಿ ಪಾಲು ಕೊಡುವ ಒಪ್ಪಂದವಾದರೆ ಕೆಲಸ ಶುರುವಾಗುವ ಮೊದಲೇ ಬೇಸ್‌ಲೈನ್‌ಗೆ (ಹೋಲಿಕೆಗೆ ಆಧಾರವಾದ ಹಿಂದಿನ ಬಳಕೆ) ಇಬ್ಬರೂ ಸಹಿ ಹಾಕಿ. ಅದು ತಿಂಗಳ ಬಿಲ್ ಮೊತ್ತದಲ್ಲಿ ಇರಬಾರದು, ಒಂದು ಟನ್ ಉತ್ಪಾದನೆಗೆ ಎಷ್ಟು ಯೂನಿಟ್ ಎಂಬ ರೂಪದಲ್ಲಿರಬೇಕು. ಆರ್ಡರ್ ಇಲ್ಲದೆ ಮಷಿನ್ ನಿಂತ ತಿಂಗಳು ಬಿಲ್ ತಾನಾಗಿಯೇ ಇಳಿದಿರುತ್ತದೆ, ಅದಕ್ಕೆ ಯಾರಿಗೂ ಫೀಸು ಕೊಡಬೇಕಾಗಿಲ್ಲ.