ಬಚ್ಚಲಿಗೆ ಮೂರು ಹಿಡಿಕೆ: ನಮ್ಮ ಮನೆಯ ಲೆಕ್ಕ

ಆಯಿ, ಅಂದರೆ ನನ್ನ ಅಮ್ಮ, ಬಿದ್ದಿದ್ದು ಎರಡು ವರ್ಷದ ಹಿಂದೆ, ಪುನರ್ವಸು ಮಳೆ ಜಡಿಯುತ್ತಿದ್ದ ಒಂದು ಸಂಜೆ. ಕರೆಂಟ್ ಇರಲಿಲ್ಲ. ಕುಮಟಾ ಹತ್ತಿರದ ನಮ್ಮ ಮನೆಯಲ್ಲಿ ಬಚ್ಚಲು ಹಿತ್ತಲ ಕಡೆಗಿದೆ, ಅಡಿಗೆಮನೆಯಿಂದ ಒಂದು ಮೆಟ್ಟಿಲು ಇಳಿಯಬೇಕು. ಅಲ್ಲೇ ಜಾರಿದಳು. ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು, ಆರು ವಾರ ಪ್ಲಾಸ್ಟರ್. ಎಕ್ಸ್‌ರೇ, ಡಾಕ್ಟರು, ಔಷಧಿ, ಓಡಾಡಿದ ಕಾರಿನ ಬಾಡಿಗೆ ಎಲ್ಲ ಸೇರಿ 11,000 ರೂಪಾಯಿ ದಾಟಿತು. ಇನ್ನೂ ಜೋರಾಗಿ ಪೆಟ್ಟಾಗಿದ್ದರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಜನ ದನಿ ಎತ್ತಿದ್ದರು, ನೆನಪಿದೆ ಅಲ್ವಾ?

ಆಮೇಲೆ ಬಚ್ಚಲಿನ ಗೋಡೆಗೆ, ಏಳುವಾಗ ಇಳಿಯುವಾಗ ಹಿಡಿದುಕೊಳ್ಳಲು, ಹಿಡಿಕೆ ಹಾಕಿಸಿದೆವು. ಒಮ್ಮೆ ತಪ್ಪಾಗಿ, ಒಮ್ಮೆ ಸರಿಯಾಗಿ. ಮನೆಗೆ ಬಂದ ನೆಂಟರು, ಮದುವೆ ಮುಂಜಿಯಲ್ಲಿ ಸಿಕ್ಕವರು ಎಲ್ಲರೂ ಕೇಳುವುದು ಒಂದೇ, ಎಷ್ಟು ಖರ್ಚು ಬಂತು ಅಂತ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಅಂಗಡಿಯಲ್ಲಿ ಕಂಡ 18 ಇಂಚಿನ ಎರಡು ಹಿಡಿಕೆ ತಂದೆ. ಒಂದಕ್ಕೆ 350 ರೂಪಾಯಿ. ಸ್ಟೀಲ್ ಅಂದರು, ಹೊಳೆಯುತ್ತಿತ್ತು, ನಾನೂ ಜಾಸ್ತಿ ಕೇಳಲಿಲ್ಲ. ಡ್ರಿಲ್ ತಂದವನಿಗೆ 300 ಕೊಟ್ಟೆ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರೂ ಸುತ್ತ ಕಂದು ಕಲೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಒಂದು ಬೆಳಿಗ್ಗೆ ನಾನೇ ಬಾಗಿಲ ಪಕ್ಕದ ಹಿಡಿಕೆ ಹಿಡಿದು ಸ್ವಲ್ಪ ಎಳೆದೆ, ಒಂದು ತುದಿ, ಸ್ಕ್ರೂ ಕೂರಲು ಗೋಡೆಯ ತೂತಿಗೆ ತುರುಕಿದ್ದ ಪ್ಲಾಸ್ಟಿಕ್ ಪ್ಲಗ್ಗಿನ ಸಮೇತ ಕೈಗೆ ಬಂತು. ಸ್ಕ್ರೂವಿನ ಸುರುಳಿಯಲ್ಲಿ ಕೆಂಪು ಹುಡಿ ಅಂಟಿಕೊಂಡಿತ್ತು. ತೂತಿನೊಳಗೆ ಬೆರಳು ಹಾಕಿದರೆ ಕಲ್ಲು ಅವಲಕ್ಕಿ ಹುಡಿಯ ಹಾಗೆ ಉದುರಿತು. ಆ ಹಿಡಿಕೆಯನ್ನು ನಂಬಿ ಆಯಿ ಒಂದು ವರ್ಷ ಆ ಮೆಟ್ಟಿಲು ಇಳಿದಿದ್ದಳು. ಅದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ನಮ್ಮ ಕರಾವಳಿಯ ಮನೆಗಳ ನಿಜವಾದ ತೊಂದರೆ ಇದೇ. ಗೋಡೆ ಚಿರೇಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು. ಕಟ್ಟೋಣಕ್ಕೆ ಒಳ್ಳೆಯ ಕಲ್ಲು, ಭಾರ ಹೊರುತ್ತದೆ, ಆದರೆ ಒಳಗೆ ತೂತು ತೂತು, ಕೆಲವು ಕಡೆ ಮೆತ್ತಗಿನ ಮಣ್ಣು. ಪ್ಲಾಸ್ಟಿಕ್ ಪ್ಲಗ್ಗಿಗೆ ಕಚ್ಚಿಕೊಳ್ಳಲು ಗಟ್ಟಿ ಜಾಗವೇ ಸಿಗುವುದಿಲ್ಲ. ಮೇಲಿನ ಟೈಲ್ಸ್ ನೋಡಿ ಗೋಡೆ ಗಟ್ಟಿ ಅಂದುಕೊಳ್ಳುತ್ತೇವೆ. ಸಿಮೆಂಟ್ ಗಿಲಾಯಿಯ ಅರ್ಧ ಇಂಚು ದಾಟಿದರೆ ಮತ್ತೆ ಅದೇ ಕಲ್ಲು.

ಎರಡನೇ ಸಲ ಡ್ರಿಲ್ಲಿನವನಿಗಿಂತ ಮೊದಲು ಮೇಸ್ತ್ರಿಯನ್ನು ಕರೆದೆ. ಹಿಡಿಕೆಯ ತುದಿ ಬರುವ ಆರು ಜಾಗದಲ್ಲಿ ಟೈಲ್ಸ್ ಒಡೆದು, ಆರು ಇಂಚು ಚೌಕ, ನಾಲ್ಕು ಇಂಚು ಆಳ ಕಲ್ಲು ಕೆತ್ತಿ ತೆಗೆದು, ಜಲ್ಲಿ ಕಾಂಕ್ರೀಟ್ ತುಂಬಿದರು. ಏಳು ದಿನ ಗೋಣಿ ಒದ್ದೆ ಮಾಡಿ ಇಟ್ಟೆವು. ಕಾಂಕ್ರೀಟ್ ಗಟ್ಟಿಯಾದ ಮೇಲೇ ಡ್ರಿಲ್ಲು. ಆ ಒಂದು ವಾರ ಕಾಯುವುದು ಬೇಜಾರೇ, ಆದರೆ ಇಡೀ ಕೆಲಸದ ಜೀವ ಅಲ್ಲಿದೆ.

ಎಲ್ಲಿ ಹಾಕಬೇಕು ಅನ್ನುವುದನ್ನು ಆಯಿಯ ಕೈಯೇ ತೋರಿಸಿತು. ಹಂಡೆಯ ಪಕ್ಕದ ಗೋಡೆಯಲ್ಲಿ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಒಂದು ಎಣ್ಣೆಗಪ್ಪು ಕಲೆ ಇತ್ತು. ವರ್ಷಗಟ್ಟಲೆ ಅಲ್ಲಿ ಅಂಗೈ ಊರಿ ಎದ್ದಿದ್ದಾಳೆ. ಕಮೋಡಿನಿಂದ ಏಳುವಾಗ ನಲ್ಲಿ ಹಿಡಿಯುತ್ತಿದ್ದಳು, ಅದಕ್ಕೇ ಆ ನಲ್ಲಿ ಯಾವಾಗಲೂ ಸಡಿಲ. ನನಗೆ ಇದೆಲ್ಲ ಇಷ್ಟು ವರ್ಷ ಕಾಣಲಿಲ್ಲ. ಒಣಗಿದ ಬಚ್ಚಲಿನಲ್ಲಿ ಅವಳನ್ನು ಕೂರಿಸಿ, ಏಳಿಸಿ, ನಡೆಸಿ, ಕೈ ಹೋದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಕಮೋಡಿನ ಪಕ್ಕದ ಅಡ್ಡ ಹಿಡಿಕೆಗೆ ಅಮೆರಿಕದ ನಿಯಮದಲ್ಲಿ 33ರಿಂದ 36 ಇಂಚು ಎತ್ತರ ಹೇಳುತ್ತಾರೆ. ಆಯಿ ಗಿಡ್ಡ, ಅವಳಿಗೆ 30 ಇಂಚೇ ಸರಿಯಾಯಿತು. ಮೆಟ್ಟಿಲ ಹತ್ತಿರ ನೆಟ್ಟಗೆ ನಿಲ್ಲಿಸಿದ ಹಿಡಿಕೆ, ಹಂಡೆಯ ಹತ್ತಿರ ಇನ್ನೊಂದು ಅಡ್ಡ.

ಸ್ಟೀಲಿನ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಗ್ರೇಡ್ ಕೇಳಿ. 202 ಅಗ್ಗ, ಅದರಲ್ಲಿ ನಿಕ್ಕಲ್ ಕಡಿಮೆ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. 304 ಬೇಕು. ಮನೆ ಸಮುದ್ರಕ್ಕೆ ತೀರಾ ಹತ್ತಿರ ಇದ್ದು ಕೈಯಲ್ಲಿ ದುಡ್ಡಿದ್ದರೆ 316 ಇನ್ನೂ ಒಳ್ಳೆಯದು, ಅದರಲ್ಲಿ ಉಪ್ಪು ತಡೆಯುವ ಮಾಲಿಬ್ಡಿನಮ್ ಸೇರಿರುತ್ತದೆ. ಸ್ಕ್ರೂ ಕೂಡ ಸ್ಟೇನ್‌ಲೆಸ್ಸೇ ಇರಲಿ, ಹಿಡಿಕೆ ಚೆನ್ನಾಗಿದ್ದು ಸ್ಕ್ರೂ ತುಕ್ಕು ಹಿಡಿದರೆ ಏನು ಬಂತು. ಪೈಪು ಒಂದೂಕಾಲರಿಂದ ಒಂದೂವರೆ ಇಂಚು ದಪ್ಪ ಇದ್ದರೆ ಮುಷ್ಟಿ ಸರಿಯಾಗಿ ಕೂರುತ್ತದೆ. ಗೋಡೆಗೂ ಪೈಪಿಗೂ ಒಂದೂವರೆ ಇಂಚು ಸಂದು ಇರಬೇಕು. ಟವೆಲ್ ರಾಡನ್ನು ಹಿಡಿಕೆ ಅಂತ ನಂಬಬೇಡಿ. ಗಾಳಿ ಒತ್ತಿ ಅಂಟಿಸುವ ರಬ್ಬರಿನದ್ದಂತೂ ವಯಸ್ಸಾದವರ ಮನೆಗೆ ಬೇಡವೇ ಬೇಡ. ಅದು ಯಾವ ಗಳಿಗೆಯಲ್ಲಿ ಬಿಡುತ್ತದೆ ಅಂತ ಹೇಳಲಾಗುವುದಿಲ್ಲ.

ಈಗ ಲೆಕ್ಕ. 304ರ 24 ಇಂಚಿನ ಹಿಡಿಕೆ ಒಂದಕ್ಕೆ 1,150, 18 ಇಂಚಿನ ಎರಡಕ್ಕೆ 850ರಂತೆ 1,700. ಒಟ್ಟು 2,850. ಮೇಸ್ತ್ರಿ ಮತ್ತು ಕೈಯಾಳಿಗೆ ಒಂದು ದಿನದ ಸಂಬಳ 1,900. ಸಿಮೆಂಟ್ ಚೀಲ 400, ಜಲ್ಲಿ ಮರಳು ಮನೆಯಲ್ಲೇ ಉಳಿದದ್ದಿತ್ತು. ಟೈಲ್ಸಿಗೆ 500, ಹಳೆಯ ಬಣ್ಣ ಎಲ್ಲೂ ಸಿಗಲಿಲ್ಲ, ಬಿಳಿಯದ್ದನ್ನೇ ಹಾಕಿದೆವು. ಸ್ಕ್ರೂ, ಪ್ಲಗ್ 240. ಡ್ರಿಲ್ಲಿಗೆ 600. ಒಟ್ಟು 6,490. ಮೊದಲ ಸಲ ಹಾಳಾದ 1,000 ಬೇರೆ. ನೋಡಿ, ಹೆಚ್ಚುಕಮ್ಮಿ ಹಿಡಿಕೆಗೆ ಹೋದಷ್ಟೇ ಗೋಡೆಗೂ ಹೋಯಿತು. ನಿಮ್ಮದು ಕಾಂಕ್ರೀಟ್ ಗೋಡೆಯೋ ಸಾಲಿಡ್ ಬ್ಲಾಕಿನದೋ ಆಗಿದ್ದರೆ ಈ ಒಡೆಯುವ ಖರ್ಚು ಇಲ್ಲ, ಹಿಡಿಕೆ ಮತ್ತು ಡ್ರಿಲ್ಲಿನವನ ಕೂಲಿ ಇಷ್ಟೇ.

ಹಾಕಿಸಿದ ದಿನ ಆಯಿಯನ್ನು ಒಳಗೆ ಬಿಡಲಿಲ್ಲ. ಮೊದಲು ನಾನು ಮೂರಕ್ಕೂ ಒಂದೊಂದಾಗಿ ಜೋತು ಬಿದ್ದೆ, ನನ್ನ ತೂಕ 72 ಕೆಜಿ. ಅಮೆರಿಕದ ನಿಯಮದ ಪ್ರಕಾರ 250 ಪೌಂಡ್, ಅಂದರೆ ಸುಮಾರು 113 ಕೆಜಿ ತಡೆಯಬೇಕು, ಅದಕ್ಕೆ ಡ್ರಿಲ್ಲಿನ ಹುಡುಗನೂ ನನ್ನ ಜೊತೆ ಕೈ ಹಾಕಿ ಎಳೆದ. ಅಲ್ಲಾಡಲಿಲ್ಲ.

ಅಲ್ಲಿಯವರೆಗೂ ಆಯಿ "ಎಂತಕ್ಕೆ ತಮಾ ಇದೆಲ್ಲ" ಅನ್ನುತ್ತಲೇ ಇದ್ದಳು. ದುಡ್ಡಿನ ಮಾತು ಅದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಹಿಡಿಕೆ ಬಂತು ಅಂದರೆ ತನಗೆ ವಯಸ್ಸಾಯಿತು ಅಂತ ಮನೆಯವರೆಲ್ಲ ಒಪ್ಪಿಕೊಂಡ ಹಾಗೆ, ಅದು ಅವಳಿಗೆ ಕಷ್ಟ ಆಗಿತ್ತು. ಹಾಗಾಗಿ ಇದು ಮನೆಯವರಿಗೆಲ್ಲ ಅಂತ ಹೇಳಿದೆ, ಸುಳ್ಳೇನಲ್ಲ, ಹಾವಸೆ (ಪಾಚಿ) ಕಟ್ಟಿದ ದಿನ ನಾನೂ ಅದನ್ನೇ ಹಿಡಿದು ಇಳಿಯುತ್ತೇನೆ. ಆ ಸಂಜೆ ಮಿಂದು ಬಂದವಳು ತಲೆ ಒರೆಸಿಕೊಳ್ಳುತ್ತಾ "ಗಟ್ಟಿ ಇದ್ದು" ಅಂದಳು. ಅಷ್ಟೇ ಹೇಳಿದ್ದು.

ಹೊಸ ಮನೆ ಕಟ್ಟಿಸುತ್ತಿರುವವರು ಮಾತ್ರ ದಯವಿಟ್ಟು ಈಗಲೇ ಮಾಡಿಸಿಕೊಳ್ಳಿ. ಗೋಡೆ ಏಳುವಾಗ ಬಚ್ಚಲಿನ ನಾಲ್ಕಾರು ಕಡೆ ಚಿರೇಕಲ್ಲಿನ ಬದಲು ಕಾಂಕ್ರೀಟ್ ತುಂಬಿಸಿದರೆ ಖರ್ಚು ಅಂತ ಹೇಳುವಷ್ಟೂ ಆಗುವುದಿಲ್ಲ. ತಂಗಿ ಶಿರಸಿಯಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಹೋದ ಭಾನುವಾರ ಸೀಮೆಸುಣ್ಣ, ಅಳತೆ ಟೇಪು ತೆಗೆದುಕೊಂಡು ಹೋಗಿ ಅವಳನ್ನೂ ಭಾವನನ್ನೂ ನಿಲ್ಲಿಸಿ ಗುರುತು ಹಾಕಿ ಬಂದೆ. ಅವಳಿಗೆ ಇನ್ನೂ 41 ವರ್ಷ. ಟೈಲ್ಸ್ ಮುಚ್ಚಿದ ಮೇಲೆ ಜಾಗ ಮರೆಯಬಾರದು ಅಂತ ಅಳತೆ ಬರೆದು ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟಿದ್ದೇವೆ.